ಬೀಸುವ ಕಲ್ಲಿನ ಬಾಯಾರು ಮತ್ತು ಸಾಹೇಬರ ಮನೆಯ ರೊಟ್ಟಿ

ರೇಡಿಯೋ ಕೇಂದ್ರದಲ್ಲಿ ಗಂಭೀರವಾಗಿ ನಡೆಯುವುದು ಗಡಿಯಾರ ಒಂದೇ. ಉಳಿದದ್ದೆಲ್ಲ ಯಾವ ಗಳಿಗೆಯಲ್ಲಿ ಎತ್ತ ಹೊರಳುತ್ತದೆಂದು ಹೇಳುವ ಹಾಗಿಲ್ಲ. ಕೇಳುಗರಿಗೆ ಹಾಡು ಸಿಗುತ್ತದೆ, ಆ ಹಾಡಿನ ಹಿಂದಿನ ಫಜೀತಿಯೆಲ್ಲ ನಮ್ಮ ಪಾಲಿಗೆ ಉಳಿಯುತ್ತದೆ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ನಾನು ಹೇಳುತ್ತಿರುವುದು ಐವತ್ತರ ದಶಕದ ಮಾತು. ಬೆಳಗಾವಿ, ಧಾರವಾಡ, ವಿಜಾಪುರ ಎಲ್ಲ ಆಗಿನ್ನೂ ಮುಂಬಯಿ ರಾಜ್ಯದಲ್ಲೇ ಇದ್ದವು. ಹಾಗಾಗಿ ಮುಂಬಯಿಯ ರೇಡಿಯೋದಲ್ಲಿ ಕನ್ನಡಕ್ಕೂ ಒಂದಿಷ್ಟು ಹೊತ್ತು ಇತ್ತು, ಕನ್ನಡದವರಿಗೆ ಒಂದು ಸಣ್ಣ ಕೋಣೆ ಇತ್ತು. ಆ ಕೋಣೆಯಲ್ಲಿ ಇದ್ದವರು ನಾವಿಬ್ಬರೇ, ಧಾರವಾಡದ ನಮ್ಮ ಸಾಹೇಬರು ಮತ್ತು ಉಡುಪಿ ಕಡೆಯ ನಾನು. ಸಾಹೇಬರು ಬಲು ಒಳ್ಳೆಯ ಮನುಷ್ಯ. ಆದರೆ ತಮ್ಮ ಕಿವಿಯ ಮೇಲೂ ನಾಲಗೆಯ ಮೇಲೂ ಅವರಿಗೆ ವಿಪರೀತ ಭರವಸೆ. ಕಿವಿಯ ಭರವಸೆಯಿಂದ ನನಗೆ ಕಷ್ಟವಾಯಿತು, ನಾಲಗೆಯ ಭರವಸೆಯಿಂದ ಅವರ ಹೆಂಡತಿಗೆ.

ಕೈ ಸುಮ್ಮನಿದ್ದರೆ

ಆಂಟಾಪ್ ಹಿಲ್‌ನ ಒಂದು ಚಾಳಿನಲ್ಲಿ ವಿಜಾಪುರ ಕಡೆಯ ಹೆಂಗಸೊಬ್ಬರು ಬೀಸುವ ಪದಗಳನ್ನು ಬಹಳ ಚಂದ ಹಾಡುತ್ತಾರಂತೆ ಎಂದು ಯಾರೋ ಸಾಹೇಬರಿಗೆ ಹೇಳಿದರು. ಅವರ ಗಂಡ ವಡಾಲಾದ ಗೂಡ್ಸ್ ಯಾರ್ಡಿನಲ್ಲಿ ಕೆಲಸಕ್ಕಿದ್ದ. ಸಾಹೇಬರು ಇಬ್ಬರನ್ನೂ ಸ್ಟುಡಿಯೋಗೆ ಕರೆಸಿದರು. ನಾವು ಆಕೆಯನ್ನು ಆ ಕಡೆಯ ರೂಢಿಯಂತೆ ಬಾಯಾರು ಎಂದೇ ಕರೆದೆವು, ಕೊನೆಯವರೆಗೂ ಅದೇ ಹೆಸರು ನಿಂತಿತು.

ಬಾಯಾರು ಮೈಕಿನ ಮುಂದೆ ನಿಂತರು. ಸೆರಗು ಸರಿಮಾಡಿಕೊಂಡರು, ಉಸಿರು ಎಳೆದುಕೊಂಡರು, ಬಾಯಿ ತೆರೆದರು. ಸದ್ದೇ ಇಲ್ಲ.

"ಹೆದರಬ್ಯಾಡ್ರಿ ಬಾಯಾರ, ಮೈಕ್ ಏನ್ ಕಚ್ಚೂದಿಲ್ಲ" ಎಂದರು ಸಾಹೇಬರು.

"ಹೆದರಿಕಿ ಅಲ್ರೀ ಸಾಹೇಬ್ರ. ಕೈ ಸುಮ್ನ ಅದಾವು. ಕೈ ಸುಮ್ನಿದ್ರ ಬಾಯಿ ಹ್ಯಾಂಗ ಬರ್ತೈತ್ರಿ?"

ಸಾಹೇಬರು ಸೋಲುವವರಲ್ಲ. ತಮ್ಮ ಮೇಜಿನ ಮೇಲಿದ್ದ ದುಂಡನೆಯ ಪೇಪರ್‌ವೇಟ್ ತರಿಸಿ, ಇದನ್ನೇ ಕಲ್ಲು ಅಂತ ತಿಳಿದು ತಿರುಗಿಸಿರಿ ಎಂದರು. ಬಾಯಾರು ಮರ್ಯಾದೆಗೆ ಅದನ್ನು ತಿರುಗಿಸುತ್ತ ಅರ್ಧ ಸಾಲು ಹಾಡಿ ನಿಲ್ಲಿಸಿದರು. "ಇದು ಹಗರ ಐತ್ರಿ. ಪದಾನೂ ಹಗರ ಬರಾಕತ್ತೈತಿ."

ಸರಿ, ಬೀಸುವ ಕಲ್ಲೇ ಬರಬೇಕೆಂದಾಯಿತು. ಆಫೀಸಿನ ಗಾಡಿ ಕೇಳಿದರೆ, ವಾದ್ಯಕ್ಕೆ ಕೊಡುತ್ತೇವೆ, ಕಲ್ಲಿಗೆ ಕೊಡುವುದಿಲ್ಲ ಎಂದು ಮೇಲಿನವರು ಹೇಳಿದರು. ಹೀಗಾಗಿ ಮೇಲಿನ ಕಲ್ಲನ್ನು ನಾನು, ಕೆಳಗಿನದನ್ನು ಬಾಯಾರ ಗಂಡ ಹೊತ್ತು ವಡಾಲಾದಲ್ಲಿ ಲೋಕಲ್ ಹತ್ತಿದೆವು. ತೊಡೆಯ ಮೇಲೆ ಕಲ್ಲಿಟ್ಟುಕೊಂಡು ಕೂತ ನನ್ನನ್ನು ಎದುರಿಗಿದ್ದ ಗುಜರಾತಿ ಶೇಟ್ ಬಹಳ ಹೊತ್ತು ನೋಡಿ, ತಡೆಯಲಾರದೆ ಕೇಳಿದ.

"ಭಾಯಿ, ಯೇ ಕ್ಯಾ ಹೈ?"

ಗಾಡಿ ಕೊಡದವರ ಮೇಲಿನ ಸಿಟ್ಟು ನನಗೆ ಇನ್ನೂ ಆರಿರಲಿಲ್ಲ. "ವಾದ್ಯ ಹೈ" ಎಂದೆ.

"ಕೌನ್ ಬಜಾತಾ ಹೈ?"

ಬಾಯಾರ ಗಂಡ ಹೆಮ್ಮೆಯಿಂದ, "ಮೇರೀ ಬೈಕೋ" ಎಂದ. ಬೈಕೋ ಎಂದರೆ ಹೆಂಡತಿ, ಆ ಕಾಲದ ಮುಂಬಯಿಯ ಹಿಂದಿಯಲ್ಲಿ ಅಷ್ಟು ಮರಾಠಿ ಎಲ್ಲರಿಗೂ ತಿಳಿಯುತ್ತಿತ್ತು. ಶೇಟ್ ಕಲ್ಲನ್ನು ನೋಡಿದ, ಈ ಬಡಕಲು ಮನುಷ್ಯನನ್ನು ನೋಡಿದ. ಆಮೇಲೆ ಮರುಕದಿಂದ ಕೇಳಿದ, "ಕಿಸ್ ಕೇ ಊಪರ್?"

ಕಿವಿಯಾರೆ ಕೇಳಿದ ಹಿಟ್ಟು

ಕಲ್ಲು ಸ್ಟುಡಿಯೋ ಸೇರಿತು. ಬರೀ ಕಲ್ಲು ತಿರುಗಿಸಿದರೆ ಕಲ್ಲು ಕಲ್ಲನ್ನೇ ತಿನ್ನುತ್ತದೆ, ಕಾಳು ಬೇಕು ಎಂದರು ಬಾಯಾರು. ಗಂಟಿನಲ್ಲಿ ಜೋಳವನ್ನೂ ತಂದಿದ್ದರು. ಜಮಖಾನೆಯ ಮೇಲೆ ಹಳೆಯ ಧೋತರ ಹಾಸಿ, ಅದರ ಮೇಲೆ ಕಲ್ಲು ಹೂಡಿ, ಮೈಕನ್ನು ನೆಲಕ್ಕೆ ಬಗ್ಗಿಸಿ ಎಲ್ಲ ಸಿದ್ಧ ಮಾಡಿದೆವು. ಬಾಯಾರು ಒಂದು ಸುತ್ತು ತಿರುಗಿಸಿದ್ದೇ ತಡ, ಗಾಜಿನ ಆಚೆ ಕೂತಿದ್ದ ಮರಾಠಿ ಇಂಜಿನಿಯರ್ ಕಿವಿಯ ಹೆಡ್‌ಫೋನ್ ಕಿತ್ತು ಹೊರಗೆ ಓಡಿ ಬಂದರು.

"ಅಹೋ, ಹೇ ಗಾಣಂ ಆಹೇ ಕೀ ಗಿರಣೀ?"

ಹಾಡು ನಿಜ, ಆದರೆ ಗಿರಣಿಯ ಸದ್ದೇ ಮೇಲಾಗಿತ್ತು. ಸಾಹೇಬರು ಕಣ್ಣು ಮುಚ್ಚಿ ತಮ್ಮ ಕಿವಿಯನ್ನು ಕೆಲಸಕ್ಕೆ ಹಚ್ಚಿದರು. ಆಮೇಲೆ ಅಪ್ಪಣೆ ಕೊಟ್ಟರು. "ಬಾಯಾರ, ಕಾಳು ಜಾಸ್ತಿ ಜಾಸ್ತಿ ಹಾಕ್ರಿ. ಕಲ್ಲಿನ ಸಪ್ಪಳ ತಾನ ಕಮ್ಮಿ ಆಗ್ತದ."

"ಹಂಗ ಹಾಕಿದ್ರ ಸಾಹೇಬ್ರ..." ಎಂದು ಬಾಯಾರು ಏನೋ ಹೇಳಹೊರಟರು.

"ಶ್! ಕೆಂಪು ದೀಪ ಹತ್ತೇದ ನೋಡ್ರಿ. ಇನ್ನ ಬರೇ ಪದ. ಮಾತು ಬ್ಯಾಡ."

ಬಾಯಾರು ಬಾಯಿ ಮುಚ್ಚಿದರು. ಹಿಡಿ ತುಂಬ ಜೋಳ ಸುರಿದರು, ಗೂಟ ಹಿಡಿದರು, ಹಾಡಿದರು. ಮಗಳನ್ನು ಕೋಳಿ ಕೂಗುವ ಮೊದಲೇ ಎಬ್ಬಿಸಿ, ತಲೆ ಬಾಚಿ, ಗಂಡನ ಮನೆಗೆ ಕಳಿಸುವ ತಾಯಿಯ ಪದ ಅದು. ಜೊತೆಗೆ ಹಾರ್ಮೋನಿಯಂ ಇಲ್ಲ, ತಬಲಾ ಇಲ್ಲ, ಇನ್ನೊಂದು ದನಿಯಿಲ್ಲ. ಒಬ್ಬಳೇ ಹೆಂಗಸು, ಒಂದು ಕಲ್ಲು. ಗಿರಣಿ ಎಂದು ಗದರಿದ ಇಂಜಿನಿಯರ್ ಕನ್ನಡಕ ತೆಗೆದು ಒರೆಸಿಕೊಂಡರು. ಅಂದು ಟೇಪಿನ ಮೇಲೆ ಹಿಡಿದ ಪದಗಳೇ ಬಾಯಾರ ಮೊದಲ ಮುದ್ರಣ.

ಹಾಡು ಮುಗಿದಾಗ ಧೋತರದ ಮೇಲೆ ಹಿಟ್ಟಿನ ಗುಡ್ಡೆಯೇ ಬಿದ್ದಿತ್ತು. ಬಾಯಾರು ಅದನ್ನು ಬೇಡ ಎಂದು ಬಿಟ್ಟುಹೋದರು. ಇಂಥ ಹಾಡು ಕೇಳಿ ಹುಟ್ಟಿದ ಹಿಟ್ಟು ಎಂದು ಸಾಹೇಬರು ಅದನ್ನು ಭಕ್ತಿಯಿಂದ ಗಂಟು ಕಟ್ಟಿಸಿ ಸಾಂತಾಕ್ರೂಜಿನ ತಮ್ಮ ಮನೆಗೆ ಒಯ್ದರು. ಮರುದಿನ ಬಂದಾಗ ಅವರ ಮುಖ ಹುಳ್ಳಗಾಗಿತ್ತು.

"ರೊಟ್ಟಿ ಅಲ್ಲಪಾ ಅದು, ಉಸುಕು. ಕರಕರ ಅಂತಾವ. ಅಂಥಾ ಹಿಟ್ಟು ಒಯ್ದು ಕೊಟ್ಟರ ನಮ್ಮಾಕಿ ಹಾಳ ಮಾಡಿಟ್ಟಳು."

"ವೈನಿ ಏನೆಂದರು?" ಎಂದು ಕೇಳಿದೆ. ಸಾಹೇಬರ ಹೆಂಡತಿಯನ್ನು ನಾನು ಧಾರವಾಡದ ರೂಢಿಯಂತೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ.

"ಹಿಟ್ಟೇ ಛಲೋ ಇಲ್ಲ ಅಂದಳು. ನಾ ಬಿಡ್ತೀನೇನು? ಹಿಟ್ಟಿಗೆ ಹೆಸರಿಡಬ್ಯಾಡ, ಅದನ್ನ ಬೀಸೂದನ್ನ ನಾ ಕಿವಿಯಾರೆ ಕೇಳೀನಿ ಅಂದೆ."

ವೈನಿ ಜಗಳವಾಡಲಿಲ್ಲ. ಆದರೆ ಅಂದಿನಿಂದ ಆ ಮನೆಯಲ್ಲಿ ಜೋಳದ ರೊಟ್ಟಿ ಬಂದ್ ಆಯಿತು, ದಿನವೂ ಚಪಾತಿಯೇ. ರೊಟ್ಟಿಯೆಂದರೆ ಪ್ರಾಣ ಬಿಡುವ ಸಾಹೇಬರು ವರ್ಷಗಟ್ಟಲೆ ಚಪಾತಿ ತಿಂದರು, ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಹಾಡಿದವರು ಕೇಳುವುದು ಹೇಗೆ

ಆ ಮೊದಲ ಮುದ್ರಣದ ದಿನವೇ ಹೊರಡುವಾಗ ಬಾಯಾರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ್ದರು. "ತಮ್ಮಾ, ನನ್ನ ದನಿ ಥೇಟ್ ನಮ್ಮವ್ವನ ದನಿ ಅಂತ ಊರಾಗ ಎಲ್ಲಾರೂ ಅಂತಾರ. ಅವ್ವ ಹೋಗಿ ಭಾಳ ವರ್ಸ ಆದುವು. ನಾ ಹಾಡಿದ್ದು ನನಗ ಹ್ಯಾಂಗ ತಿಳೀಬೇಕು? ಒಮ್ಮೆ ರೇಡಿಯೋದಾಗ ಕೇಳಿದ್ರ ಅವ್ವನ್ನ ಕೇಳಿಧಂಗ ಆಕ್ಕೈತಿ."

ಅದಕ್ಕೇನಂತೆ, ಪ್ರಸಾರದ ದಿನ ರೇಡಿಯೋ ಇರುವ ಮನೆಯಲ್ಲಿ ಕೂತು ಕೇಳಿ ಎಂದೆ. ಅವರ ಚಾಳಿನಲ್ಲಿ ಮಂಗಳೂರಿನ ಹೋಟೆಲ್ ಮಾಲೀಕರ ಮನೆಯಲ್ಲಿ ದೊಡ್ಡ ರೇಡಿಯೋ ಇತ್ತು. ಪ್ರಸಾರದ ಸಂಜೆ ನಾನೂ ಹೋದೆ. ಚಾಳಿನ ಹೆಂಗಸರೆಲ್ಲ ನೆರೆದಿದ್ದರು. ಸುಮ್ಮನೆ ಕೂತು ಹಾಡು ಕೇಳುವುದು ಸೋಮಾರಿತನವೆಂದು ತಿಳಿದ ಜನ ಅವರು. ಒಬ್ಬೊಬ್ಬರೂ ಮೊರದಲ್ಲಿ ಅಕ್ಕಿಯನ್ನೋ ಬೇಳೆಯನ್ನೋ ತಂದು ಹರಡಿಕೊಂಡು ಕೂತಿದ್ದರು. ಬಾಯಾರ ತೊಡೆಯ ಮೇಲೂ ಒಂದು ಮೊರ.

ಹಾಡು ಶುರುವಾಯಿತು. ಮೊರಗಳಲ್ಲಿ ಕೈ ಆಡುತ್ತಿತ್ತು. ಕೈ ಆಡಿದ ಮೇಲೆ ಬಾಯಿ ಸುಮ್ಮನಿದ್ದೀತೇ? ಮೊದಲ ಸಾಲು ಮುಗಿಯುವ ಮೊದಲೇ ಮೂಲೆಯಲ್ಲಿದ್ದ ಅಜ್ಜಿ ದನಿಗೂಡಿಸಿದರು. ಬೀಸುವ ಪದವನ್ನು ಒಬ್ಬರು ಎತ್ತಿದರೆ ಇನ್ನೊಬ್ಬರು ಹಿಡಿಯಬೇಕು, ಅದು ಆ ಕಡೆಯ ಮರ್ಯಾದೆ. ನೋಡ ನೋಡುತ್ತ ಇಡೀ ಕೋಣೆ ಹಾಡತೊಡಗಿತು. ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದವರು ನಮ್ಮ ಬಾಯಾರು. ಹೋಟೆಲ್ ಮಾಲೀಕರ ಕನ್ನಡ ಬಾರದ ಅತ್ತೆ ಕೂಡ ತುಳುವಿನಲ್ಲಿ ಏನೋ ಸೇರಿಸುತ್ತಿದ್ದರು.

ಎಲ್ಲ ಮುಗಿದ ಮೇಲೆ ನಾನು ಆಸೆಯಿಂದ ಕೇಳಿದೆ. "ಹೇಗಿತ್ತು ಬಾಯಾರೇ, ರೇಡಿಯೋದಲ್ಲಿ?"

ಬಾಯಾರು ಬೆಚ್ಚಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯ ಶಿವನೇ! ರೇಡಿಯೋ ಹಚ್ಚಿದ್ರೇನು?"

ಗೊಬ್ಬರ ಮತ್ತು ಹಪ್ಪಳ

ಆಮೇಲೆ ಬಾಯಾರನ್ನು ಇನ್ನೂ ಹಲವು ಸಲ ಹಾಡಿಸಿದೆವು. ಪ್ರತಿ ಸಲವೂ ಚಾಳಿನಲ್ಲಿ ಅದೇ ಕಥೆ. ಒಮ್ಮೆ ಸ್ಟುಡಿಯೋದಲ್ಲೇ ಕೇಳಿಸುತ್ತೇವೆ ಬನ್ನಿ ಎನ್ನುತ್ತಲೇ ವರ್ಷಗಳು ಕಳೆದವು. ಇಂಜಿನಿಯರಿಗೆ ಪುರಸೊತ್ತಾದ ದಿನ ಬಾಯಾರಿಗೆ ಇರುತ್ತಿರಲಿಲ್ಲ, ಬಾಯಾರಿಗೆ ಆದ ದಿನ ಇಂಜಿನಿಯರಿಗೆ ಇರುತ್ತಿರಲಿಲ್ಲ.

ಅಷ್ಟರಲ್ಲಿ ರಾಜ್ಯಗಳ ಗಡಿ ಬದಲಾಯಿತು. ನಮ್ಮ ಜಿಲ್ಲೆಗಳು ಮೈಸೂರಿಗೆ ಹೋದವು, ಮುಂಬಯಿ ರೇಡಿಯೋದಲ್ಲಿ ಕನ್ನಡದ ಹೊತ್ತು ಕುಗ್ಗಿತು. ನಮ್ಮ ಕಪಾಟನ್ನು ಖಾಲಿ ಮಾಡಿ ಎಂಬ ಆಜ್ಞೆಯೂ ಬಂತು. ಹಳೆಯ ಟೇಪುಗಳನ್ನು ಅಳಿಸಿ ಬೇರೆಯವರಿಗೆ ಕೊಡುತ್ತಾರಂತೆ. ಅದೇ ಹೊತ್ತಿಗೆ ಬಾಯಾರ ಗಂಡ ಬಂದು, ತನಗೆ ರಿಟೈರ್ ಆಯಿತು, ಈ ತಿಂಗಳೇ ಊರಿಗೆ ಹೊರಟೆವು ಎಂದ. ಅವರ ಊರಿನಲ್ಲಿ ರೇಡಿಯೋ ಇರಲಿಲ್ಲ. ಸಾಹೇಬರೂ ನಾನೂ ಮುಖ ಮುಖ ನೋಡಿಕೊಂಡೆವು. ಬಾಯಾರು ಹೊರಡುವ ಮೊದಲು, ಟೇಪುಗಳು ಅಳಿಯುವ ಮೊದಲು, ಅವರ ಆ ಮೊದಮೊದಲ ಪದಗಳನ್ನೆಲ್ಲ ಹೆಕ್ಕಿ ಒಂದೇ ಸುರುಳಿಯಲ್ಲಿ ಕೂಡಿಸಬೇಕು, ಅವರಿಗೆ ಕೇಳಿಸಲೇಬೇಕು ಎಂದು ನಿಶ್ಚಯ ಮಾಡಿದೆವು.

ಮೊದಲ ಟೇಪ್ ಹಚ್ಚಿದೆವು. ತವರಿನಿಂದ ಬಂದ ಅಣ್ಣನನ್ನು ತಂಗಿ ವಿಚಾರಿಸುವ ಪದ. ಅಣ್ಣಾ, ಅವ್ವ ನನಗಾಗಿ ಏನು ಕಳಿಸಿದಳು ಎಂದು ಬಾಯಾರು ಕರುಳು ಹಿಂಡುವ ಹಾಗೆ ಕೇಳಿದರು. ಟೇಪಿನಲ್ಲಿ ಕಟ್ ಎಂದು ಸದ್ದಾಯಿತು. ಗಂಭೀರವಾದ ಗಂಡು ದನಿಯೊಂದು ಉತ್ತರಿಸಿತು, "ಎಕರೆಗೆ ಎರಡು ಗಾಡಿ ಕೊಟ್ಟಿಗೆ ಗೊಬ್ಬರ."

ಯಾರೋ ಪುಣ್ಯಾತ್ಮರು ಹಾಡಿನ ಮೇಲೆ ಕೃಷಿ ಭಾಷಣ ಮುದ್ರಿಸಿಬಿಟ್ಟಿದ್ದರು. ಆ ಪದ ಹೋದಂತೆಯೇ. ಆದರೆ ಬಾಯಾರ ಮೊದಲ ದಿನದ ತಾಯಿಯ ಪದ ಪೂರ್ತಿಯಾಗಿ ಉಳಿದಿತ್ತು, ನಮಗೆ ಜೀವ ಬಂತು. ಇಂಜಿನಿಯರ್ ಬ್ಲೇಡಿನಿಂದ ಟೇಪ್ ಕತ್ತರಿಸಿ, ಬೇಕಾದ ತುಂಡುಗಳನ್ನು ಅಂಟಿಸುವವರೆಗೆ ಕುರ್ಚಿಯ ಬೆನ್ನಿಗೆ ಇಳಿಬಿಡುತ್ತಿದ್ದರು. ಬೇಡದ್ದು ನೆಲಕ್ಕೆ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಫ್ಯಾನಿನ ಗಾಳಿಗೆ ಬೇಕಾದ ಒಂದು ತುಂಡು ನೆಲಕ್ಕೆ ಜಾರಿ, ಬೇಡದವುಗಳ ಜೊತೆ ಕಸದ ಬುಟ್ಟಿ ಸೇರಿ, ಬುಟ್ಟಿಯೂ ಖಾಲಿಯಾಗಿತ್ತು. ಹೋದದ್ದು ಯಾವುದು ಎಂದು ನೋಡಿದರೆ ತಾಯಿಯ ಪದದ ಕೊನೆಯ ನುಡಿ!

ಬುಟ್ಟಿ ಖಾಲಿ ಮಾಡುವ ಪ್ಯೂನ್ ಮಾಮಾನನ್ನು ಹಿಡಿದು ಕೇಳಿದೆವು. ಬುಟ್ಟಿಯಲ್ಲಿದ್ದ ಟೇಪನ್ನೆಲ್ಲ ಮನೆಗೆ ಒಯ್ದಿದ್ದೇನೆ ಎಂದ. ಯಾಕೆ ಎಂದರೆ, ಹೆಂಡತಿ ಕೇಳಿದಳು ಎಂದ. ನಾನು ಅವನನ್ನು ಎಳೆದುಕೊಂಡು ಜೋಗೇಶ್ವರಿಯ ಅವನ ಮನೆಗೆ ಓಡಿದೆ. ಅಂಗಳದ ಹಾಸಿನ ಮೇಲೆ ಹಪ್ಪಳ ಒಣಗುತ್ತಿದ್ದವು. ನಾಲ್ಕೂ ಕಡೆ ಕೋಲು ನೆಟ್ಟು ಟೇಪಿನ ತುಂಡುಗಳನ್ನು ಕಟ್ಟಿದ್ದರು. ಅವು ಬಿಸಿಲಿಗೆ ಫಳಫಳ ಹೊಳೆಯುತ್ತ ಹಾರಾಡುತ್ತಿದ್ದವು. ಗೋಡೆಯ ಮೇಲೆ ಕಾಗೆಗಳು ಹತ್ತಿರ ಬರಲು ಧೈರ್ಯವಿಲ್ಲದೆ ಸಾಲಾಗಿ ಕೂತಿದ್ದವು.

ಎಲ್ಲವನ್ನೂ ಬಿಚ್ಚಿಕೊಂಡೆ. ಪ್ಯೂನನ ಹೆಂಡತಿ ಸುಮ್ಮನೆ ಬಿಡಲಿಲ್ಲ. ಹಪ್ಪಳ ಒಣಗುವವರೆಗೆ ಬಡಿಗೆ ಹಿಡಿದು ನನ್ನನ್ನೇ ಅಲ್ಲಿ ಕಾವಲು ಕೂರಿಸಿದಳು. ತುಂಡು ಕೆಟ್ಟಿರಲಿಲ್ಲ. ಅಂಟಿಸಿ ಹಚ್ಚಿದರೆ ಬಾಯಾರು ಚೂರೂ ನಡುಗದೆ ಹಾಡಿದರು. ಬಾಯಾರನ್ನು ಕರೆಯಲು ಹೋದಾಗ ನಡೆದದ್ದನ್ನೆಲ್ಲ ಹೇಳಿದೆ. ನೊಂದುಕೊಳ್ಳುತ್ತಾರೇನೋ ಎಂದು ಅಳುಕಿತ್ತು.

"ಇರ್ಲಿ ಬಿಡೋ ತಮ್ಮಾ" ಎಂದು ನಕ್ಕರು. "ಇಷ್ಟ ವರ್ಸ ಹಾಡಿದ್ರೂ ನನ್ನ ಪದ ಬಾಯಿ ಮುಚ್ಚಿ ಕೇಳಿದವ್ರು ಅಂದ್ರ ಆ ಕಾಗಿಗೋಳ ನೋಡು."

ಅವ್ವನ ದನಿ

ಕೇಳಿಸುವ ದಿನ ಬಂತು. ಬಾಯಾರ ಗಂಡ ಎರಡೂ ಕಲ್ಲುಗಳನ್ನು ಹೊತ್ತು ತಂದಿದ್ದ. ಇದು ರೇಡಿಯೋದ ವಾದ್ಯ, ಇಲ್ಲೇ ಇರಲಿ ಎಂಬುದು ಬಾಯಾರ ಇಚ್ಛೆ. ಇಂಜಿನಿಯರ್ ಕೈ ಮುಗಿದು ಬೇಡ ಎಂದರು. ಇಷ್ಟು ವರ್ಷ ಹೆಸರು ಕೇಳಿದ ಬಾಯಾರನ್ನು ಹೋಗುವ ಮೊದಲು ಒಮ್ಮೆ ನೋಡಬೇಕೆಂದು ಸಾಂತಾಕ್ರೂಜಿನಿಂದ ವೈನಿಯೂ ಬಂದಿದ್ದರು.

ಬಾಗಿಲು ಮುಚ್ಚಿದೆವು. ಟೇಪ್ ತಿರುಗಿತು. ಕಲ್ಲಿನ ಸದ್ದು ಕೇಳಿದ್ದೇ ತಡ, ಬಾಯಾರ ಬಲಗೈ ತೊಡೆಯ ಮೇಲೆ ಗುಂಡಗೆ ತಿರುಗತೊಡಗಿತು. ಬಾಯಿ ತೆರೆಯಿತು. ಟೇಪಿನ ಬಾಯಾರೂ ಎದುರಿನ ಬಾಯಾರೂ ಒಟ್ಟಿಗೆ ಹಾಡಿದರು.

"ಬಾಯಾರ, ನೀವು ಹಾಡಬ್ಯಾಡ್ರಿ, ಕೇಳ್ರಿ!" ಎಂದರು ಸಾಹೇಬರು. ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಚ್ಚಿದೆವು. ಮತ್ತೆ ಅದೇ ಆಯಿತು. ಬಾಯಾರ ಕಣ್ಣಲ್ಲಿ ನೀರು ತುಂಬಿತು. "ಏನ ಮಾಡ್ಲಿ ಸಾಹೇಬ್ರ, ತಡೀಲಾಕ ಆಗವಲ್ದು. ನಮ್ಮವ್ವನ್ನ ಕೇಳೂದು ನನ್ನ ಹಣ್ಯಾಗ ಬರದಿಲ್ಲ ಬಿಡ್ರಿ." ಇಂಜಿನಿಯರ್ ಗಡಿಯಾರ ನೋಡಿದರು. ಆ ಕೋಣೆ ನಮಗೆ ಇನ್ನು ಒಂದೇ ಹಾಡಿನಷ್ಟು ಹೊತ್ತು ಇತ್ತು. ನನಗೂ ಅಳು ಬರುವ ಹಾಗಾಯಿತು.

ಆಗ ವೈನಿ ಎದ್ದರು. ಬಾಯಾರ ಪಕ್ಕದಲ್ಲಿ ಕೂತು ಅವರ ಎರಡೂ ಕೈಗಳನ್ನು ತಮ್ಮ ಕೈಯೊಳಗೆ ಗಟ್ಟಿಯಾಗಿ ಹಿಡಿದುಕೊಂಡರು. "ಈಗ ಹಚ್ರಿ" ಎಂದರು.

ಟೇಪ್ ತಿರುಗಿತು. ಕೈ ಅಲುಗಲಿಲ್ಲ, ಬಾಯಿ ಬರಲಿಲ್ಲ. ಕೋಳಿ ಕೂಗುವ ಮೊದಲು ಮಗಳನ್ನು ಎಬ್ಬಿಸುವ ತಾಯಿ ಹಾಡುತ್ತ ಹೋದಳು, ಎದುರಿಗೆ ಮಗಳು ಕೂತು ಕೇಳಿದಳು. ಬಾಯಾರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ, ವೈನಿಯೇ ಹಿಡಿದ ಕೈ ಬಿಡದೆ ತಮ್ಮ ಹೆಗಲ ಸೆರಗನ್ನು ಅವರ ಕೆನ್ನೆಗೆ ಒತ್ತಿ ಒರೆಸಿದರು. "ನಮ್ಮವ್ವನ ದನಿ" ಎಂದು ಬಾಯಾರು ಪಿಸುಗುಟ್ಟಿದರು. "ಖರೇನ ನಮ್ಮವ್ವನ ದನಿ."

ಹಪ್ಪಳ ಕಾದ ಕೊನೆಯ ನುಡಿಯೂ ಮುಗಿಯಿತು. ನೋಡಿದರೆ ಬಾಯಾರ ಹುಬ್ಬು ನಿಧಾನವಾಗಿ ಗಂಟಾಗುತ್ತಿತ್ತು.

"ದನಿ ಅವ್ವಂದ ಐತಿ" ಎಂದರು. "ಹಿಟ್ಟು ಅವ್ವಂದಲ್ಲ. ಕಲ್ಲಿನ ಸಪ್ಪಳ ಕೇಳಿದ್ರೆಲ್ಲಾ? ಹಿಡಿ ಹಿಡಿ ಕಾಳು ಸುರುವಿದ್ರ ಮತ್ತೇನ್ ಆಗಬೇಕು, ಹಿಟ್ಟೆಲ್ಲ ನುಚ್ಚು! ಅವತ್ತ ಹೇಳಾಕ ಬಂದ್ನಿ, ಸಾಹೇಬ್ರು ಮಾತಾಡಬ್ಯಾಡ ಅಂದ್ರು. ಪಾಪ, ಆ ಹಿಟ್ಟು ಯಾರ ಮನಿಗೆ ಹೋತೋ ಏನೋ. ಆ ಮನಿ ಹೆಣಮಗಳು ರೊಟ್ಟಿ ಬಡ್ಯಾಕ ಎಷ್ಟ ಕಷ್ಟ ಪಟ್ಟಳೋ!"

ವೈನಿ ಬಾಯಾರ ಕೈ ಬಿಡಲಿಲ್ಲ. ತಲೆಯನ್ನು ಮಾತ್ರ ನಿಧಾನವಾಗಿ ಗಂಡನ ಕಡೆ ತಿರುಗಿಸಿದರು. ಸಾಹೇಬರು ಆರಿಹೋದ ಕೆಂಪು ದೀಪವನ್ನೇ ದಿಟ್ಟಿಸುತ್ತಿದ್ದರು.

"ತಮ್ಮಾ" ಎಂದರು ವೈನಿ ನನಗೆ, "ಬಾಯಾರು ಈಗ ಹೇಳಿದ್ದು ಟೇಪ್ ಆತೇನು? ಆಗಿಲ್ಲಂದ್ರ ಇನ್ನೊಮ್ಮೆ ಹೇಳಸ್ರಿ."

ನಡೆದದ್ದು ತಿಳಿದಾಗ ಬಾಯಾರು ನಾಲಗೆ ಕಚ್ಚಿಕೊಂಡರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಕಲ್ಲನ್ನು ತೋರಿಸಿ, "ಅಕ್ಕಾರ, ಇದನ್ನ ನೀವ ಒಯ್ರಿ. ಊರಾಗ ನನಗ ನಮ್ಮವ್ವನ ಕಲ್ಲು ಕಾಯ್ಕೋತ ಕುಂತೈತಿ" ಎಂದರು.

ಸಂಜೆ ಚರ್ಚ್‌ಗೇಟಿನಲ್ಲಿ ಸಾಂತಾಕ್ರೂಜಿನ ಲೋಕಲ್ ಹತ್ತಿದೆವು. ಕೆಳಗಿನ ಕಲ್ಲು ನನ್ನ ತೊಡೆಯ ಮೇಲೆ, ಮೇಲಿನದು ಸಾಹೇಬರ ತೊಡೆಯ ಮೇಲೆ. ಎದುರಿಗೆ ಕೂತಿದ್ದ ಪಾರ್ಸಿ ಮುದುಕ ಬಹಳ ಹೊತ್ತು ನೋಡಿ, ಕೊನೆಗೂ ಕೇಳಿದ.

"ಯೇ ಕ್ಯಾ ಹೈ, ಸಾಬ್?"

ಸಾಹೇಬರು ಸಣ್ಣ ದನಿಯಲ್ಲಿ, "ವಾದ್ಯ" ಎಂದರು.

"ಅಚ್ಛಾ! ಕೌನ್ ಬಜಾತಾ ಹೈ?"

ನಾನು ಕಿಟಕಿಯ ಆಚೆ ನೋಡಿದೆ. ಸಾಹೇಬರೂ ಕಿಟಕಿಯ ಆಚೆ ನೋಡಿದರು. ವೈನಿ ಸೆರಗು ಸರಿಮಾಡಿಕೊಂಡು ಗಂಡನ ಕಡೆ ಬೆರಳು ತೋರಿಸಿದರು.

"ಯೇ ಬಜಾಯೇಂಗೇ. ಕಲ್ ಸೇ, ರೋಜ್ ಸುಬಹ್."